ಕಾಯುವಾಗ ಪ್ರೊಸೆಸರ್ ಬಿಟ್ಟುಕೊಡುವ ಸಿ ಪ್ರೋಗ್ರಾಂ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು ಹೆಚ್ಚಾಗಿ ಡಾಸ್ (ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ಓಡಿಸುವ ಹಳೇ ಆಪರೇಟಿಂಗ್ ಸಿಸ್ಟಂ) ಕಾಲದ ಸಿ ಪ್ರೋಗ್ರಾಂಗಳ ವಿಷಯ. ಟರ್ಬೊ ಸಿ, ವಾಟ್ಕಾಮ್, ಡಿಜೆಜಿಪಿಪಿ ಅನ್ನುವ ಕಂಪೈಲರ್‌ಗಳಲ್ಲಿ ಬರೆದವು. "ಈಗ ಯಾರಪ್ಪಾ ಡಾಸ್ ಬಳಸ್ತಾರೆ?" ಅಂತ ನಗಬೇಡಿ. ತೂಕದ ಯಂತ್ರಕ್ಕೆ ಕಟ್ಟಿದ ಹಳೇ ಬಿಲ್ಲಿಂಗ್ ಪ್ರೋಗ್ರಾಂಗಳು ಹತ್ತಿಪ್ಪತ್ತು ವರ್ಷ ಬದುಕುತ್ತವೆ. ನಮ್ಮ ಎಷ್ಟೋ ಕಾಲೇಜು ಲ್ಯಾಬ್‌ಗಳಲ್ಲಿ ಟರ್ಬೊ ಸಿ++ನ ನೀಲಿ ಪರದೆಯನ್ನು, ಡಾಸ್ ಅನ್ನು ಅನುಕರಿಸುವ ಡಾಸ್‌ಬಾಕ್ಸ್ ಒಳಗೆ ತೆರೆದೇ ಪಾಠ ನಡೆದಿದೆ. ಲಿನಕ್ಸ್ ಮತ್ತು ಇವತ್ತಿನ ವಿಂಡೋಸ್‌ನ ಪ್ರಶ್ನೆಗಳು ಕೊನೆಯಲ್ಲಿವೆ.

ಒಂದು ಸೂಚನೆ: ಇಂಟರಪ್ಟ್ (ಸಿಸ್ಟಂನಿಂದ ಕೆಲಸ ಕೇಳುವ ಬಾಗಿಲು) ನಂಬರ್, ಫಂಕ್ಷನ್ ನಂಬರ್, ರಿಜಿಸ್ಟರ್‌ನಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಖಾನೆ) ಬರುವ ಬೆಲೆ, ಎಲ್ಲವೂ ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿವೆ. ವರ್ಷನ್ ನಂಬರ್, ಮಿಲಿಸೆಕೆಂಡು ಇತ್ಯಾದಿ ಮಾಮೂಲಿ ಲೆಕ್ಕದಲ್ಲಿವೆ.

ನನ್ನ ಪ್ರೋಗ್ರಾಂ ಏನೂ ಮಾಡ್ತಿಲ್ಲ, ಸುಮ್ನೆ ಕೀ ಒತ್ತೋದನ್ನ ಕಾಯ್ತಿದೆ. ಆದರೂ ಕಂಪ್ಯೂಟರ್ ಯಾಕೆ ನಿಧಾನ?

ಏನೂ ಮಾಡ್ತಿಲ್ಲ ಅನ್ನೋದು ನಿಮ್ಮ ಲೆಕ್ಕ. ಪ್ರೊಸೆಸರ್ ಲೆಕ್ಕದಲ್ಲಿ ಅದು ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇದೆ. ನಿಮ್ಮ ಕೋಡ್ ತೆರೆದು ನೋಡಿ. "ಕೆಬಿಹಿಟ್ ಸೊನ್ನೆ ಆಗಿರುವವರೆಗೆ ಸುತ್ತು" ಅನ್ನುವ ವೈಲ್ ಲೂಪ್ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಕೀ ಬಂತಾ? ಇಲ್ಲ. ಬಂತಾ? ಇಲ್ಲ. ಸೆಕೆಂಡಿಗೆ ಸಾವಿರಾರು ಸಲ ಇದೇ ಪ್ರಶ್ನೆ.

ಬರೀ ಡಾಸ್‌ನಲ್ಲಿ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ಯಾಕೆಂದರೆ ಪಕ್ಕದಲ್ಲಿ ಕಾಯುವವರೇ ಇರಲಿಲ್ಲ. ಅದೇ ಪ್ರೋಗ್ರಾಂ ವಿಂಡೋಸ್‌ನ ಡಾಸ್ ಕಿಟಕಿಯಲ್ಲಿ ಓಡಿದರೆ ಕಥೆ ಬೇರೆ. ವಿಂಡೋಸ್ 3.1 ಒಂದು ಡಾಸ್ ಕಿಟಕಿಗೆ ಸರದಿ ಕೊಟ್ಟಾಗ, ಸೆಟ್ಟಿಂಗ್ ಮುಟ್ಟದಿದ್ದರೆ, ಕನಿಷ್ಠ 20 ಮಿಲಿಸೆಕೆಂಡು ಕೊಡುತ್ತದೆ. ನಿಮ್ಮ ಲೂಪ್ ಅಷ್ಟನ್ನೂ "ಬಂತಾ? ಇಲ್ಲ" ಅನ್ನುವುದರಲ್ಲೇ ಕಳೆಯುತ್ತದೆ. ನಿಜವಾದ ಕೆಲಸ ಇರುವ ಪಕ್ಕದ ಕಿಟಕಿ ಬಾಯಿ ಬಿಟ್ಟುಕೊಂಡು ಕೂತಿರುತ್ತದೆ. ದಾರಿ ಒಂದೇ: ಕೆಲಸ ಇಲ್ಲದಾಗ ಉಳಿದ ಸರದಿಯನ್ನು ಸಿಸ್ಟಂಗೆ ಬಿಟ್ಟುಕೊಡುವುದು, ಅಂದರೆ ಯೀಲ್ಡ್ ಮಾಡುವುದು.

ನನ್ನ ಪ್ರೋಗ್ರಾಂ ಓಡಬಹುದಾದ ಯಾವ ಯಾವ ಪರಿಸರಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು?

1985ರಲ್ಲಿ ಬಂದ ಐಬಿಎಂನ ಟಾಪ್‌ವ್ಯೂ ಮತ್ತು ಕ್ವಾರ್ಟರ್‌ಡೆಕ್‌ನ ಡೆಸ್ಕ್‌ವ್ಯೂ. ಆಮೇಲೆ ವಿಂಡೋಸ್/386, 1990ರ ವಿಂಡೋಸ್ 3.0, 1992ರ 3.1 ಮತ್ತು ಓಎಸ್/2 2.0, 1995ರಿಂದ ವಿಂಡೋಸ್ 95 ಸಾಲು, ಜೊತೆಗೆ ವಿಂಡೋಸ್ ಎನ್‌ಟಿ ಸಾಲು. ಈಗ ಡಾಸ್‌ಬಾಕ್ಸ್, ಡಾಸ್‌ಎಮು, ಇಲ್ಲವೇ ಕ್ಯೂಎಮು, ವರ್ಚುವಲ್‌ಬಾಕ್ಸ್ ಒಳಗಿನ ಫ್ರೀಡಾಸ್. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಡಾಸ್ ಪ್ರೋಗ್ರಾಂ ನೇರವಾಗಿ ಓಡುವುದೇ ಇಲ್ಲ. ಲ್ಯಾಬ್‌ಗಳಿಗೆ ಡಾಸ್‌ಬಾಕ್ಸ್ ಬೇಕಾದದ್ದು ಅದಕ್ಕೇ.

ಸರದಿ ಬಿಡುವ ಮೊದಲು ಎಲ್ಲಿ ಓಡ್ತಿದ್ದೀನಿ ಅಂತ ಪತ್ತೆ ಮಾಡಲೇಬೇಕಾ?

ಬೇಡ. ಜನ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಆರು ಪರಿಸರಕ್ಕೆ ಆರು ಪತ್ತೆ ಫಂಕ್ಷನ್, ಅದರ ಮೇಲೊಂದು ದೊಡ್ಡ ಸ್ವಿಚ್ ಬರೆದಿರುವ ಕೋಡ್ ನೋಡಿದ್ದೇನೆ. ನಾನೇ ಬರೆದೂ ಇದ್ದೇನೆ. ಅಷ್ಟು ಮಾಡಿದ ಮೇಲೆ ಬಹುಪಾಲು ಕಡೆ ಕೊನೆಗೆ ಕರೆಯುವುದು ಒಂದೇ ಬಾಗಿಲು: ಇಂಟರಪ್ಟ್ 2ಎಫ್, ಫಂಕ್ಷನ್ 1680. ವಿಂಡೋಸ್ ಎನ್‌ಹ್ಯಾನ್ಸ್‌ಡ್ ಮೋಡ್‌ಗೂ (ಡಾಸ್ ಕಿಟಕಿಗಳು ಒಟ್ಟಿಗೆ ಓಡುವ ಮೋಡ್) ಓಎಸ್/2 2.0ಕ್ಕೂ ಇದು ಅರ್ಥವಾಗುತ್ತದೆ. ಅರ್ಥವಾಗದ ಕಡೆ ಕರೆದರೆ ಏನೂ ಕೆಡುವುದಿಲ್ಲ, ಕರೆ ಹೋದ ಹಾಗೇ ವಾಪಸ್ ಬರುತ್ತದೆ. ಆದ್ದರಿಂದ ಮೊದಲು ಬಿಟ್ಟುಕೊಡಿ. ಉತ್ತರ ಬರದಿದ್ದರೆ ಆಮೇಲೆ ಯೋಚಿಸಿ.

ಪತ್ತೆ ನಿಜವಾಗಿ ಬೇಕಾಗುವುದು ಬೇರೆ ಕಾರಣಕ್ಕೆ. ಡಿಸ್ಕನ್ನು ನೇರವಾಗಿ ಮುಟ್ಟುವ ಪ್ರೋಗ್ರಾಂ ಇದ್ದು, ವಿಂಡೋಸ್ ಒಳಗೆ ಓಡಬಾರದು ಅಂತಿದ್ದರೆ ಪತ್ತೆ ಮಾಡಲೇಬೇಕು.

ಸರಿ, 1680 ಅನ್ನು ಸಿಯಲ್ಲಿ ಕರೆಯೋದು ಹೇಗೆ?

ಟರ್ಬೊ ಸಿಯಲ್ಲಿ ಡಾಸ್ ಹೆಡರ್ ಸೇರಿಸಿಕೊಳ್ಳಿ. ರೆಗ್ಸ್ ಅನ್ನುವ ಯೂನಿಯನ್‌ನ ಒಂದು ವೇರಿಯಬಲ್ ಇಟ್ಟುಕೊಳ್ಳಿ. ಅದರ ಎಎಕ್ಸ್ ರಿಜಿಸ್ಟರ್‌ಗೆ 1680 ಹಾಕಿ, ಇಂಟ್86 ಫಂಕ್ಷನ್‌ನಿಂದ 2ಎಫ್ ಕರೆಯಿರಿ. ವಾಪಸ್ ಬಂದ ಮೇಲೆ ಎಎಲ್, ಅಂದರೆ ಎಎಕ್ಸ್‌ನ ಕೆಳಗಿನ ಬೈಟ್, ನೋಡಿ. ಸೊನ್ನೆ ಆಗಿದ್ದರೆ ಆಚೆ ಕಡೆ ಯಾರೋ ಕೇಳಿಸಿಕೊಂಡಿದ್ದಾರೆ, ನಿಮ್ಮ ಸರದಿ ಬಿಟ್ಟುಕೊಟ್ಟಾಗಿದೆ. ಇನ್ನೂ 80 ಇದ್ದರೆ ಯಾರೂ ಮುಟ್ಟಿಲ್ಲ. ನೀವೇ ಹಾಕಿದ 1680ರ ಬಾಲ ಅದು, ಹಾಗೇ ಉಳಿದಿದೆ.

ಒಂದು ಎಚ್ಚರ. ಡಾಸ್ 3.0ಕ್ಕಿಂತ ಹಳೆಯ ಯಂತ್ರಗಳಲ್ಲಿ 2ಎಫ್‌ನ ವೆಕ್ಟರ್ (ಆ ಇಂಟರಪ್ಟ್ ಕರೆದಾಗ ಹಾರಬೇಕಾದ ವಿಳಾಸ) ಖಾಲಿ ಇರಬಹುದು. ಖಾಲಿ ವಿಳಾಸಕ್ಕೆ ಹಾರಿದರೆ ಯಂತ್ರ ಅಲ್ಲೇ ಹೆಪ್ಪುಗಟ್ಟುತ್ತದೆ. ಪ್ರೋಗ್ರಾಂ ಶುರುವಾದಾಗ ಒಂದೇ ಸಲ ಗೆಟ್‌ವೆಕ್ಟ್‌ನಿಂದ ನೋಡಿಕೊಂಡರೆ ಸಾಕು.

ಡಿಜೆಜಿಪಿಪಿ ಬಳಸುವವರಿಗೆ ಇಷ್ಟೂ ಕಷ್ಟವಿಲ್ಲ. ಡಿಪಿಎಂಐ ಹೆಡರ್‌ನಲ್ಲಿ ಡಿಪಿಎಂಐ ಯೀಲ್ಡ್ ಅನ್ನುವ ಫಂಕ್ಷನ್ ಇದೆ. ಒಳಗೆ ಅದು ಮಾಡುವುದೂ ಇದನ್ನೇ.

80 ಹಾಗೇ ಉಳಿಯಿತು. ಈಗ?

ಇಂಟರಪ್ಟ್ 28 ಕರೆಯಿರಿ. ಇದು ಡಾಸ್‌ನ "ನಾನೀಗ ಖಾಲಿ ಕೂತಿದ್ದೇನೆ" ಅನ್ನುವ ಕೂಗು. ಡಾಸ್‌ನ ಕೀಬೋರ್ಡ್ ಫಂಕ್ಷನ್‌ಗಳಲ್ಲಿ ಕಾಯುವಾಗ ಡಾಸ್ ತಾನೇ ಇದನ್ನು ಪದೇ ಪದೇ ಕರೆಯುತ್ತದೆ. ಮೆಮೊರಿಯಲ್ಲಿ ಕೂತಿರುವ ಸಣ್ಣ ಪ್ರೋಗ್ರಾಂಗಳು, ಹಿನ್ನೆಲೆಯಲ್ಲಿ ಪ್ರಿಂಟ್ ಮಾಡುವವು, ಆ ಕೂಗಿಗೆ ಕಿವಿ ಕೊಟ್ಟಿರುತ್ತವೆ. ನೀವು ಕೆಬಿಹಿಟ್‌ನಲ್ಲಿ ಸುತ್ತುತ್ತಿದ್ದರೆ ಆ ಪಾಪದವಕ್ಕೆ ಅವಕಾಶ ಸಿಗೋದು ಕಷ್ಟ.

ಕೀ ಬರುವವರೆಗೆ ನಿಮಗೆ ಬೇರೆ ಯಾವ ಕೆಲಸವೂ ಇಲ್ಲವಾದರೆ ಕೆಬಿಹಿಟ್ ಯಾಕೆ ಬೇಕು? ನೇರ ಗೆಟ್‌ಸಿಎಚ್ ಕರೆದು ಕಾಯುವುದನ್ನು ಡಾಸ್‌ಗೇ ಬಿಡಿ. ಪರದೆಯ ಮೂಲೆಯಲ್ಲಿ ಗಡಿಯಾರ ಓಡಿಸಬೇಕು ಅನ್ನುವ ಒಂದೇ ಆಸೆಗೆ ಎಷ್ಟು ಪ್ರೋಗ್ರಾಂಗಳು ಪೋಲಿಂಗ್ ಲೂಪ್ (ಪದೇ ಪದೇ ಕೇಳುತ್ತಾ ಸುತ್ತುವ ಲೂಪ್) ಆಗಿವೆಯೋ!

ವಿಂಡೋಸ್ ಒಳಗಿದ್ದೀನಾ ಅಂತ ತಿಳಿಯೋದು ಹೇಗೆ?

ಅದೇ 2ಎಫ್, ಈ ಸಲ ಎಎಕ್ಸ್‌ನಲ್ಲಿ 1600. ವಾಪಸ್ ಬಂದ ಎಎಲ್‌ನಲ್ಲಿ ಸೊನ್ನೆ ಅಥವಾ 80 ಇದ್ದರೆ ಎನ್‌ಹ್ಯಾನ್ಸ್‌ಡ್ ಮೋಡ್ ಇಲ್ಲ. 1 ಅಥವಾ ಎಫ್‌ಎಫ್ ಇದ್ದರೆ ಹಳೇ ವಿಂಡೋಸ್/386. ಬೇರೇನಿದ್ದರೂ ಎಎಲ್ ದೊಡ್ಡ ವರ್ಷನ್, ಎಎಚ್ (ಎಎಕ್ಸ್‌ನ ಮೇಲಿನ ಬೈಟ್) ಸಣ್ಣ ವರ್ಷನ್. ವಿಂಡೋಸ್ 3.1ಕ್ಕೆ 3 ಮತ್ತು 0ಎ, ಅಂದರೆ 3.10. ವಿಂಡೋಸ್ 95ಕ್ಕೆ 4 ಮತ್ತು 0. ವಿಂಡೋಸ್ 98ಕ್ಕೆ 4 ಮತ್ತು 0ಎ.

ಎಎಲ್ ಸೊನ್ನೆ ಅಲ್ಲ ಅಂದಕೂಡಲೇ ವಿಂಡೋಸ್ ಅಂತ ತೀರ್ಮಾನಿಸಿ, 80 ಅನ್ನು ಮರೆಯುವುದು ತುಂಬ ಮಾಮೂಲಿ ತಪ್ಪು. ಹಾಗೆ ಬರೆದ ಪ್ರೋಗ್ರಾಂ ಬರೀ ಡಾಸ್‌ನಲ್ಲಿ ಕೂತು "ವಿಂಡೋಸ್ 128" ಅಂತ ಘೋಷಿಸುತ್ತದೆ.

ವಿಂಡೋಸ್‌ನ ಇನ್ನೊಂದು ಮೋಡ್ ಆದ ಸ್ಟ್ಯಾಂಡರ್ಡ್ ಮೋಡ್ ಬಗ್ಗೆ ಕೇಳುವವರಿಗೆ: ಅಲ್ಲಿ ಡಾಸ್ ಪ್ರೋಗ್ರಾಂ ಹಿನ್ನೆಲೆಗೆ ಹೋದರೆ ನಿಂತೇ ಹೋಗುತ್ತದೆ. ಸರದಿ ಬಿಡುವ ಪ್ರಶ್ನೆಯೇ ಇಲ್ಲ.

ಡೆಸ್ಕ್‌ವ್ಯೂ ಪತ್ತೆಗೆ ತಾರೀಕು ಬದಲಿಸಬೇಕು ಅಂತಾರೆ. ನಿಜಾನಾ?

ನಿಜ. ನನಗೆ ಇದರಷ್ಟು ಇಷ್ಟವಾದ ಕಿಲಾಡಿತನ ಡಾಸ್‌ನಲ್ಲಿ ಇನ್ನೊಂದಿಲ್ಲ. ಇಂಟರಪ್ಟ್ 21ರ ಫಂಕ್ಷನ್ 2ಬಿ ಇರುವುದು ಸಿಸ್ಟಂ ತಾರೀಕು ಹಾಕುವುದಕ್ಕೆ. ನೀವು ಎಎಕ್ಸ್‌ಗೆ 2ಬಿ01, ಸಿಎಕ್ಸ್‌ಗೆ 4445, ಡಿಎಕ್ಸ್‌ಗೆ 5351 ಹಾಕಿ ಕರೆಯುತ್ತೀರಿ. ಆ ನಾಲ್ಕು ಬೈಟ್‌ಗಳನ್ನು ಅಕ್ಷರವಾಗಿ ಓದಿದರೆ ಡಿ, ಇ, ಎಸ್, ಕ್ಯೂ. ಡೆಸ್ಕ್‌ವ್ಯೂ ಹೆಸರಿನ ಮೊದಲ ನಾಲ್ಕು ಅಕ್ಷರ. ತಾರೀಕಾಗಿ ಓದಿದರೆ? 17477ನೇ ಇಸವಿ, 83ನೇ ತಿಂಗಳು, 81ನೇ ದಿನ!

ಬರೀ ಡಾಸ್ ಇದನ್ನು ನೋಡಿ "ಇದೆಂಥ ತಾರೀಕು ಮಾರಾಯ" ಅಂತ ಎಎಲ್‌ನಲ್ಲಿ ಎಫ್‌ಎಫ್ ಹಾಕಿ ವಾಪಸ್ ಕಳಿಸುತ್ತದೆ. ನಿಮ್ಮ ಗಡಿಯಾರಕ್ಕೆ ಏನೂ ಆಗುವುದಿಲ್ಲ. ಡೆಸ್ಕ್‌ವ್ಯೂ ಇದ್ದರೆ ಅದು ನಡುವೆ ಕೈ ಹಾಕಿ, ಬಿಎಕ್ಸ್‌ನಲ್ಲಿ ತನ್ನ ವರ್ಷನ್ ಇಟ್ಟು ಕೊಡುತ್ತದೆ. ಸರದಿ ಬಿಡಲು ಅಲ್ಲಿ ಇಂಟರಪ್ಟ್ 15, ಎಎಕ್ಸ್‌ನಲ್ಲಿ 1000. ಇದು ಟಾಪ್‌ವ್ಯೂನಿಂದ ಬಂದ ಕರೆ. ಇದನ್ನು ಮಾತ್ರ ಪತ್ತೆ ಮಾಡದೆ ಕರೆಯಬೇಡಿ. ಇಂಟರಪ್ಟ್ 15 ಬಯಾಸ್‌ನ (ಯಂತ್ರದಲ್ಲೇ ಅಡಕವಾಗಿರುವ ಮೂಲ ಪ್ರೋಗ್ರಾಂ) ಮನೆ, ಅಲ್ಲಿ ಯಾರು ಏನು ಉತ್ತರ ಕೊಡುತ್ತಾರೋ ನಂಬೋ ಹಾಗಿಲ್ಲ.

ಓಎಸ್/2, ಎನ್‌ಟಿ ಪತ್ತೆ ಹೇಗೆ?

ಮಾಮೂಲಿ ಡಾಸ್ ವರ್ಷನ್ ಕೇಳುವ ಕರೆಗೆ, ಅಂದರೆ ಇಂಟರಪ್ಟ್ 21ರ ಫಂಕ್ಷನ್ 30ಕ್ಕೆ, ಓಎಸ್/2 2.0 ತನ್ನನ್ನು 20.00 ಅಂತ ಹೇಳಿಕೊಳ್ಳುತ್ತದೆ. ಓಎಸ್/2 ವಾರ್ಪ್ 3 ಆದರೆ 20.30. ಹಳೇ 1.ಎಕ್ಸ್ ಆದರೆ ದೊಡ್ಡ ವರ್ಷನ್ 10. ಎನ್‌ಟಿ ಸಾಲಿನ ಡಾಸ್ ಕಿಟಕಿ ಅದೇ ಕರೆಗೆ ಅಮಾಯಕನ ಹಾಗೆ 5.00 ಅನ್ನುತ್ತದೆ. ಫಂಕ್ಷನ್ 3306ರಲ್ಲಿ "ನಿಜ ಹೇಳು" ಅಂತ ಕೇಳಿದರೆ ಬಿಎಕ್ಸ್‌ನಲ್ಲಿ 3205 ಬರುತ್ತದೆ, ಅಂದರೆ 5.50. ಆ ನಂಬರಿನ ಎಂಎಸ್ ಡಾಸ್ ಬಿಡುಗಡೆಯೇ ಆಗಿರಲಿಲ್ಲ, ಹಾಗಾಗಿ ಸಿಕ್ಕಿಬೀಳುತ್ತದೆ.

ಸರದಿ ಬಿಟ್ಟುಕೊಡೋಕೆ ಶುರು ಮಾಡಿದ ಮೇಲೆ ನನ್ನ ಪ್ರೋಗ್ರಾಂ ಆಮೆ ಆಗಿದೆ. ಯಾಕೆ?

ಕೆಲಸದ ಮಧ್ಯೆ ಬಿಟ್ಟುಕೊಡುತ್ತಿದ್ದೀರಿ. ಬಿಡಬೇಕಾದ್ದು ಕಾಯುವಾಗ ಮಾತ್ರ. ಫೈಲ್ ಓದುವ ಲೂಪ್‌ನಲ್ಲಿ, ವಿಂಗಡಿಸುವ ಲೂಪ್‌ನಲ್ಲಿ 1680 ಹಾಕಬೇಡಿ. ಅಲ್ಲಿ ನಿಮಗೆ ನಿಜವಾದ ಕೆಲಸ ಇದೆ, ನಿಮ್ಮ ಸರದಿಯ ಹೊತ್ತು ಮುಗಿದಾಗ ಸಿಸ್ಟಂ ತಾನೇ ಪಕ್ಕಕ್ಕೆ ಸರಿಸುತ್ತದೆ.

ಕಾಯುವ ಲೂಪ್‌ನಲ್ಲೂ ಮೊದಲ ಸಲ ಕೀ ಇಲ್ಲ ಅಂದಕೂಡಲೇ ಬಿಡಬೇಡಿ. ಒಂದು ಎಣಿಕೆ ಇಡಿ. ಸತತವಾಗಿ ಹತ್ತಿಪ್ಪತ್ತು ಸಲ ಖಾಲಿ ಬಂದರೆ ಬಿಡಿ. ಕೀ ಬಂದಕೂಡಲೇ ಎಣಿಕೆಯನ್ನು ಸೊನ್ನೆ ಮಾಡಿ. ಹೀಗೆ ಮಾಡಿದರೆ ಜೋರಾಗಿ ಟೈಪ್ ಮಾಡುವವರಿಗೆ ಅಕ್ಷರ ತಡವಾಗಿ ಬಂದ ಹಾಗೆ ಅನಿಸುವುದಿಲ್ಲ.

ವಿಂಡೋಸ್ ತಾನೂ ಸ್ವಲ್ಪ ಊಹೆ ಮಾಡುತ್ತದೆ. ಡಾಸ್ ಪ್ರೋಗ್ರಾಂನ ಸೆಟ್ಟಿಂಗ್ ಇಡುವ ಪಿಐಎಫ್ ಫೈಲ್‌ನಲ್ಲಿ "ಡಿಟೆಕ್ಟ್ ಐಡಲ್ ಟೈಮ್" ಅಂತ ಒಂದು ಗುರುತು, ವಿಂಡೋಸ್ 95ರಲ್ಲಿ "ಐಡಲ್ ಸೆನ್ಸಿಟಿವಿಟಿ" ಅನ್ನುವ ಜಾರುಪಟ್ಟಿ, ಓಎಸ್/2ನಲ್ಲೂ ಅದೇ ಹೆಸರಿನ ಸೆಟ್ಟಿಂಗ್. ಕೀಬೋರ್ಡನ್ನು ಪದೇ ಪದೇ ಕೇಳುವವನು ಖಾಲಿ ಇದ್ದಾನೆ ಅನ್ನುವ ಊಹೆ ಅದು. ಗ್ರಾಫ್ ಬಿಡಿಸುತ್ತಾ ನಡುನಡುವೆ ಎಸ್ಕೇಪ್ ಕೀ ನೋಡುವ ಪ್ರೋಗ್ರಾಂ ವಿಷಯದಲ್ಲಿ ಈ ಊಹೆ ತಪ್ಪುತ್ತದೆ, ಕೆಲಸದ ಮಧ್ಯೆ ನಿಮ್ಮನ್ನು ಪಕ್ಕಕ್ಕೆ ತಳ್ಳುತ್ತದೆ.

ಸೀರಿಯಲ್ ಪೋರ್ಟ್‌ನಿಂದ ಓದುವಾಗ ಸರದಿ ಬಿಡಬಹುದಾ?

ಇದಕ್ಕೆ ನನ್ನ ಕಥೆಯನ್ನೇ ಹೇಳುತ್ತೇನೆ. ಒಂದು ಅಡಿಕೆ ಮಂಡಿಗೆ ತೂಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಮೂಟೆ ಇಟ್ಟರೆ ತಕ್ಕಡಿಯಿಂದ ಸೀರಿಯಲ್ ತಂತಿಯಲ್ಲಿ ಅಂಕಿ ಬರಬೇಕು, ಪರದೆಯಲ್ಲಿ ಕಾಣಬೇಕು. ಅವರ ವಿಂಡೋಸ್ 98 ಯಂತ್ರದಲ್ಲಿ ನನ್ನ ಕಿಟಕಿ ತೆರೆದಿದ್ದರೆ ಬೇರೆಲ್ಲ ತೆವಳುತ್ತಿತ್ತು. ಯೀಲ್ಡ್ ಹಾಕಿದೆ. ಯಂತ್ರ ಹಗುರಾಯಿತು, ನನಗೂ ಖುಷಿ. ಮೂರನೇ ದಿನ ಫೋನ್ ಬಂತು. "ಏನ್ ಸಾರ್, 47.350 ಇರೋ ಮೂಟೆ 4.350 ತೋರಿಸ್ತಿದೆ?"

ತಪ್ಪು ಪೂರ್ತಿ ನನ್ನದೇ. ಲೆಕ್ಕ ನೋಡಿ. 9600 ಬಾಡ್ ಅಂದರೆ ಸೆಕೆಂಡಿಗೆ ಸುಮಾರು 960 ಅಕ್ಷರ. ಒಂದು ಅಕ್ಷರಕ್ಕೆ ಒಂದು ಮಿಲಿಸೆಕೆಂಡಿಗಿಂತ ಚೂರು ಜಾಸ್ತಿ. ಹಳೇ 8250 ಚಿಪ್‌ನಲ್ಲಿ ಬಂದದ್ದನ್ನು ಇಟ್ಟುಕೊಳ್ಳಲು ಒಂದೇ ಬೈಟ್ ಜಾಗ. ನಾನು ಸರದಿ ಬಿಟ್ಟು ವಾಪಸ್ ಬರುವಷ್ಟರಲ್ಲಿ 20 ಮಿಲಿಸೆಕೆಂಡು ಕಳೆದರೆ ಹತ್ತೊಂಬತ್ತು ಅಕ್ಷರ ಬಂದು ಹೋಗಿರುತ್ತದೆ. ಅದರಲ್ಲಿ ಆ 7 ಕೂಡ ಹೋಯಿತು. 16550ಎ ಚಿಪ್ ಇದ್ದರೂ ಸಿಗುವುದು 16 ಬೈಟ್‌ನ ಸಾಲು, ಅದೂ ನೀವು ಆನ್ ಮಾಡಿದರೆ.

ಪರಿಹಾರ: ಪೋಲಿಂಗ್ ಬಿಡಿ. ಪೋರ್ಟ್‌ನ ಇಂಟರಪ್ಟ್‌ಗೆ (ಬೈಟ್ ಬಂದಾಗ ಚಿಪ್ ಕೊಡುವ ಕರೆ) ಒಂದು ಸಣ್ಣ ಹ್ಯಾಂಡ್ಲರ್ ಬರೆದು, ಬಂದ ಬೈಟನ್ನು ರಿಂಗ್ ಬಫರ್‌ಗೆ (ಕೊನೆ ಮುಟ್ಟಿದರೆ ಮತ್ತೆ ಮೊದಲಿಗೆ ಬರುವ ಸಾಲು) ಹಾಕಿ. ಮುಖ್ಯ ಲೂಪ್ ಬಫರ್ ನೋಡಲಿ, ಖಾಲಿ ಇದ್ದರೆ ಸರದಿ ಬಿಡಲಿ. ಬಫರ್‌ನ ತಲೆ ಮತ್ತು ಬಾಲದ ವೇರಿಯಬಲ್‌ಗಳಿಗೆ ವೊಲಟೈಲ್ ಹಾಕಲು ಮರೆಯಬೇಡಿ. ಇಲ್ಲದಿದ್ದರೆ ಕಂಪೈಲರ್ ಜಾಣತನ ತೋರಿಸಿ ಹಳೇ ಬೆಲೆಯನ್ನೇ ಹಿಡಿದುಕೊಂಡು ಕೂರುತ್ತದೆ. ಮತ್ತೆ, ಪೂರ್ತಿ ಸಾಲು ಬರದೆ ಅಂಕಿ ತೋರಿಸಬೇಡಿ. ನಾನು ಮೊದಲೇ ಅಷ್ಟು ಮಾಡಿದ್ದರೂ ಆ ಫೋನ್ ಬರುತ್ತಿರಲಿಲ್ಲ.

ಈ ಭಾಗದಲ್ಲಿ ಯಾರೂ ಅಡ್ಡ ಬರಬಾರದು ಅಂತ ಹೇಳೋಕಾಗುತ್ತಾ?

ಆಗುತ್ತದೆ. ವಿಂಡೋಸ್‌ನಲ್ಲಿ 2ಎಫ್‌ನ 1681 ಶುರು, 1682 ಮುಕ್ತಾಯ. ಡೆಸ್ಕ್‌ವ್ಯೂನಲ್ಲಿ ಇಂಟರಪ್ಟ್ 15ರ 101ಬಿ ಮತ್ತು 101ಸಿ. ಶುರು ಮಾಡಿದಷ್ಟೇ ಸಲ ಮುಗಿಸಬೇಕು. ತೀರಾ ಬೇಕಾದಾಗ ಮಾತ್ರ ಬಳಸಿ, ಬೇಗ ಬಿಡಿ.

ಡಿಲೇ ಫಂಕ್ಷನ್ ಬಳಸಿದರೆ ಸಾಕಲ್ವಾ?

ಟರ್ಬೊ ಸಿಯ ಡಿಲೇ ಕೂಡ ಸುತ್ತುವ ಲೂಪೇ. ಹೆಸರು ಮಾತ್ರ ಸಭ್ಯ. ಬೇಕಾದರೆ ನಿಮ್ಮದೇ ಬರೆದುಕೊಳ್ಳಿ: ಬಯಾಸ್‌ನ ಟಿಕ್ ಎಣಿಕೆ ಓದಿ, ಬೇಕಾದಷ್ಟು ಟಿಕ್ ಆಗುವವರೆಗೆ 1680 ಕರೆಯುತ್ತಾ ಕಾಯಿರಿ. ಟಿಕ್ ಸೆಕೆಂಡಿಗೆ 18.2 ಸಲ ಬರುತ್ತದೆ, ಅಂದರೆ ಸುಮಾರು 55 ಮಿಲಿಸೆಕೆಂಡಿಗೊಂದು. ಅದಕ್ಕಿಂತ ಸಣ್ಣ ಅಳತೆ ಇದರಲ್ಲಿ ಸಿಗದು. ನಡುರಾತ್ರಿ ಆ ಎಣಿಕೆ ಸೊನ್ನೆಗೆ ಇಳಿಯುತ್ತದೆ ಅನ್ನುವುದು ನೆನಪಿರಲಿ. "ಎಣಿಕೆ ಇಷ್ಟಕ್ಕಿಂತ ಜಾಸ್ತಿ ಆಗಲಿ" ಅಂತ ಹನ್ನೆರಡಕ್ಕೆ ಒಂದು ಕ್ಷಣ ಮೊದಲು ಕಾಯಲು ಕೂತರೆ, ಪ್ರೋಗ್ರಾಂ ಮರುದಿನ ರಾತ್ರಿವರೆಗೂ ಕೂತಿರಬಹುದು.

ಎಚ್‌ಎಲ್‌ಟಿ ಇನ್‌ಸ್ಟ್ರಕ್ಷನ್ ಹಾಕಿದರೆ?

ಬರೀ ಡಾಸ್‌ನಲ್ಲಿ ಒಳ್ಳೆಯದೇ. ಇಂಟರಪ್ಟ್‌ಗಳು ತೆರೆದಿರಬೇಕು ಅಷ್ಟೆ. ಮುಂದಿನ ಇಂಟರಪ್ಟ್ ಬರುವವರೆಗೆ ಪ್ರೊಸೆಸರ್ ಮಲಗುತ್ತದೆ. ಟೈಮರ್ ಇರುವುದರಿಂದ ಹೆಚ್ಚೆಂದರೆ 55 ಮಿಲಿಸೆಕೆಂಡು. ಕ್ಯೂಎಮು ಒಳಗಿನ ಫ್ರೀಡಾಸ್‌ನಲ್ಲಿ ಇದನ್ನು ಹಾಕಿದರೆ ಹೊರಗಿನ ಲ್ಯಾಪ್‌ಟಾಪ್‌ನ ಫ್ಯಾನ್ ಸದ್ದು ಇಳಿಯುವುದು ಕಿವಿಗೇ ಗೊತ್ತಾಗುತ್ತದೆ. ಪ್ರೊಟೆಕ್ಟೆಡ್ ಮೋಡ್‌ನ ಸಾಮಾನ್ಯ ಪ್ರೋಗ್ರಾಂಗೆ ಇದರ ಹಕ್ಕಿಲ್ಲ, ಅಲ್ಲಿ ಕೈ ಹಾಕಬೇಡಿ.

ಡಾಸ್‌ಬಾಕ್ಸ್‌ನಲ್ಲಿ 1680 ಕರೆದರೂ ಸಿಪಿಯು ಬಳಕೆ ಇಳಿಯಲ್ಲ. ನನ್ನ ಕೋಡ್ ತಪ್ಪಾ?

ತಪ್ಪಿಲ್ಲ. ಮೂಲ ಡಾಸ್‌ಬಾಕ್ಸ್ ಆ ಕರೆಯನ್ನು ಒಪ್ಪಿಕೊಂಡು ಸುಮ್ಮನಿರುತ್ತದೆ, ಮಲಗುವುದಿಲ್ಲ. ಅಲ್ಲಿ ಸಿಪಿಯು ಬಳಕೆ ಹಿಡಿತಕ್ಕೆ ಬರುವುದು ಸೈಕಲ್ಸ್ ಸೆಟ್ಟಿಂಗ್‌ನಿಂದ. ಓಡುವಾಗಲೇ ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ಇಳಿಯುತ್ತದೆ, ಎಫ್12 ಒತ್ತಿದರೆ ಏರುತ್ತದೆ. ನಿಮ್ಮ ಯೀಲ್ಡ್ ಕೆಲಸ ಮಾಡ್ತಿದೆಯಾ ಅಂತ ನೋಡಲು ಡಾಸ್‌ಬಾಕ್ಸ್ ತಕ್ಕ ಜಾಗ ಅಲ್ಲ.

ಲಿನಕ್ಸ್‌ನಲ್ಲಿ 1680ಕ್ಕೆ ಸಮ ಶೆಡ್ ಯೀಲ್ಡ್ ಫಂಕ್ಷನ್ ತಾನೆ?

ಹೆಸರು ಹಾಗಿದೆ, ಕೆಲಸ ಹಾಗಿಲ್ಲ. ಮಲ್ಟಿಟಾಸ್ಕಿಂಗ್ ಇದೆಯಾ ಅಂತ ಇಲ್ಲಿ ಕೇಳಬೇಕಾಗಿಲ್ಲ, ಇದ್ದೇ ಇದೆ. ಶೆಡ್ ಯೀಲ್ಡ್ ಅಂದರೆ "ಸಾಲಿನಲ್ಲಿ ಬೇರೆ ಯಾರಾದರೂ ಇದ್ದರೆ ಅವರು ಮೊದಲು ಹೋಗಲಿ" ಅಂತ. ಯಾರೂ ಇಲ್ಲದಿದ್ದರೆ ತಕ್ಷಣ ನಿಮ್ಮ ಹತ್ತಿರವೇ ವಾಪಸ್. ಹಾಗಾಗಿ ಕಾಯುವ ಲೂಪ್ ಒಳಗೆ ಅದನ್ನು ಹಾಕಿ ಟಾಪ್ ಕಮಾಂಡ್‌ನಲ್ಲಿ ನೋಡಿದರೆ ನಿಮ್ಮ ಪ್ರೋಗ್ರಾಂ ಇನ್ನೂ 100 ಪರ್ಸೆಂಟ್. ಅದರ ಮೇಲೆ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳು) ಹೋಗಿಬರುವ ಖರ್ಚು ಬೇರೆ. ಮಾಮೂಲಿ ಶೆಡ್ಯೂಲಿಂಗ್‌ನಲ್ಲಿ, ನಿಮ್ಮ ನಂತರ ಯಾರಿಗೆ ಸರದಿ ಅನ್ನುವುದಕ್ಕೂ ಖಾತ್ರಿ ಇಲ್ಲ.

ವಿಂಡೋಸ್‌ನ ಸ್ಲೀಪ್ ಸೊನ್ನೆಯದೂ ಹೆಚ್ಚುಕಡಿಮೆ ಇದೇ ಪಾಡು. ಸಿ11ರಲ್ಲಿ ಬಂದ ಥ್ರೆಡ್ ಯೀಲ್ಡ್ ಫಂಕ್ಷನ್‌ನಿಂದಲೂ ಇದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ.

ಇಲ್ಲಿ ಮಾಡಬೇಕಾದ್ದು ಸರದಿ ಬಿಡುವುದಲ್ಲ, ಮಲಗುವುದು. ಏನು ಬಂದರೆ ಎಬ್ಬಿಸಬೇಕು ಅಂತ ಕರ್ನಲ್‌ಗೆ ಹೇಳಿ ಮಲಗಿ. ಸಾಕೆಟ್, ಸೀರಿಯಲ್ ಪೋರ್ಟ್, ಕೀಬೋರ್ಡ್ ಆದರೆ ಪೋಲ್ ಅಥವಾ ಸೆಲೆಕ್ಟ್. ಇನ್ನೊಂದು ಥ್ರೆಡ್‌ಗಾಗಿ ಕಾಯುವುದಾದರೆ ಕಂಡಿಷನ್ ವೇರಿಯಬಲ್. ವಿಂಡೋಸ್‌ನಲ್ಲಿ ವೇಟ್ ಫಾರ್ ಸಿಂಗಲ್ ಆಬ್ಜೆಕ್ಟ್. ಹೊತ್ತು ಕಳೆಯುವುದಷ್ಟೇ ಬೇಕಾದರೆ ಲಿನಕ್ಸ್‌ನಲ್ಲಿ ನ್ಯಾನೊಸ್ಲೀಪ್. ಯುಸ್ಲೀಪ್ ಅನ್ನು 2008ರ ಪೋಸಿಕ್ಸ್ ಮಾನದಂಡದಿಂದ ತೆಗೆದಿದ್ದಾರೆ, ಹೊಸ ಕೋಡ್‌ನಲ್ಲಿ ಬೇಡ.

ವಿಂಡೋಸ್‌ನಲ್ಲಿ 1 ಮಿಲಿಸೆಕೆಂಡು ಮಲಗು ಅಂದರೆ 15 ಮಲಗುತ್ತೆ. ಯಾಕೆ?

ಅದರ ಮಾಮೂಲಿ ಗಡಿಯಾರ ಸೆಕೆಂಡಿಗೆ 64 ಸಲ ಬಡಿಯುತ್ತದೆ, ಅಂದರೆ 15.6 ಮಿಲಿಸೆಕೆಂಡಿಗೊಮ್ಮೆ. ಎಬ್ಬಿಸುವುದು ಬಡಿತದ ಹೊತ್ತಿಗೆ. ಟೈಮ್ ಬಿಗಿನ್ ಪೀರಿಯಡ್ ಕರೆದು ಬಡಿತ ಚುರುಕು ಮಾಡಬಹುದು, ಕೆಲಸ ಮುಗಿದ ಮೇಲೆ ಟೈಮ್ ಎಂಡ್ ಪೀರಿಯಡ್ ಕರೆಯಲೇಬೇಕು. ಮೊದಲೆಲ್ಲ ಒಬ್ಬರು ಚುರುಕು ಮಾಡಿದರೆ ಇಡೀ ಯಂತ್ರಕ್ಕೆ ಚುರುಕಾಗಿ ಬ್ಯಾಟರಿ ಕರಗುತ್ತಿತ್ತು. ವಿಂಡೋಸ್ 10ರ 2004 ವರ್ಷನ್‌ನಿಂದ ಆ ಪರಿಣಾಮ ಕೇಳಿದ ಪ್ರೋಗ್ರಾಂಗೆ ಮಾತ್ರ.

ಒಂದೇ ಸೋರ್ಸ್ ಡಾಸ್‌ನಲ್ಲೂ ಲಿನಕ್ಸ್‌ನಲ್ಲೂ ಕಂಪೈಲ್ ಆಗಬೇಕು. ಹೇಗೆ ಬರೆಯಲಿ?

"ಸ್ವಲ್ಪ ಕಾಯಿ" ಅನ್ನುವ ಒಂದೇ ಫಂಕ್ಷನ್ ಇಡಿ, ಎಷ್ಟು ಮಿಲಿಸೆಕೆಂಡು ಅನ್ನುವುದು ಅದರ ಆರ್ಗ್ಯುಮೆಂಟ್. ಅದರ ಒಳಗೆ ಇಫ್‌ಡೆಫ್ ಹಾಕಿ. ಡಾಸ್‌ಗೆ 1680, ಅದು ಕೇಳದಿದ್ದರೆ 28. ಲಿನಕ್ಸ್‌ಗೆ ಪೋಲ್, ಟೈಮ್‌ಔಟ್ ಜೊತೆ. ಉಳಿದ ಪ್ರೋಗ್ರಾಂಗೆ ತಾನು ಎಲ್ಲಿ ಓಡುತ್ತಿದ್ದೇನೆ ಅನ್ನುವ ಸುಳಿವೂ ಬೇಡ. ಆ ಮಂಡಿಯ ಪ್ರೋಗ್ರಾಂ ಈಗ ಲಿನಕ್ಸ್‌ನಲ್ಲಿದೆ. ಬದಲಾದದ್ದು ಆ ಫಂಕ್ಷನ್ ಮತ್ತು ಸೀರಿಯಲ್ ಪೋರ್ಟ್‌ನ ಫೈಲ್, ಎರಡೇ.